ಮುಚ್ಚಳ

ಸ್ಟೀಲ್ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಗರಗರ ತಿರುಗಿಸುವುದು ಆಟಿಸಂ (ಸ್ವಲೀನತೆ) ಇರುವ ನನ್ನ ಐದು ವರ್ಷದ ಮಗನ ಇಡೀ ಮಧ್ಯಾಹ್ನದ ಕೆಲಸ. ಮೊದಲೆಲ್ಲ ಅದನ್ನು ಕಿತ್ತುಕೊಂಡು ಕೈಗೆ ಬಣ್ಣದ ಬ್ಲಾಕ್ ತುರುಕುತ್ತಿದ್ದೆ. ಅವನು ಚೀರುತ್ತಿದ್ದ, ನಾನು ಅಳುತ್ತಿದ್ದೆ.

ಈಗ ನಾನೂ ಒಂದು ಮುಚ್ಚಳ ಹಿಡಿದು ಎದುರಿಗೆ ಕೂರುತ್ತೇನೆ. ಅಮೆರಿಕದ ಮನೋವೈದ್ಯ ಸ್ಟ್ಯಾನ್ಲಿ ಗ್ರೀನ್‌ಸ್ಪ್ಯಾನ್ ರೂಪಿಸಿದ ‘ಫ್ಲೋರ್‌ಟೈಮ್’ ಎಂಬ ಆಟದ ವಿಧಾನ ಹೇಳುವುದು ಇದನ್ನೇ: ನೆಲಕ್ಕಿಳಿಯಿರಿ, ಮಗು ಹೋದ ದಾರಿಯಲ್ಲಿ ಹೋಗಿ, ಒಂದು ಸಲಕ್ಕೆ ಸುಮಾರು 20 ನಿಮಿಷ. ‘ಇವಳಿಗೂ ಹಿಡಿಯಿತು’ ಎಂದು ಗೊಣಗಿದ ಅತ್ತೆ, ಮೂರನೆಯ ದಿನ ತಾವೇ ಅವಲಕ್ಕಿ ಡಬ್ಬಿಯ ದೊಡ್ಡ ಮುಚ್ಚಳ ತಂದುಕೊಟ್ಟರು.

ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳೊಂದಿಗೆ ನಡೆದ ಅಧ್ಯಯನವೊಂದರಲ್ಲಿ ಆಟವಾಡುವ ತಂದೆತಾಯಿಯರ ವಿಡಿಯೊ ತೆಗೆದು ಅವರಿಗೇ ತೋರಿಸುತ್ತಿದ್ದರು. ತೋರಿಸಿದವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಮಕ್ಕಳು ತಾವಾಗಿಯೇ ಸಂವಹನಕ್ಕೆ ಮುಂದಾಗುವುದು ಹೆಚ್ಚಿತಂತೆ. ನಾನೂ ಮೊಬೈಲ್ ಎದುರಿಗೆ ನಿಲ್ಲಿಸಿ ನನ್ನ ವಿಡಿಯೊ ತೆಗೆದು ನೋಡಿಕೊಂಡೆ. ಎಷ್ಟು ಮಾತು! ‘ಯಾವ ಬಣ್ಣ? ಹೇಳು, ಹೇಳು ಕಂದಾ.’ ಪರೀಕ್ಷೆಯ ಮೇಲ್ವಿಚಾರಕಿಯಂತಿದ್ದೆ.

ಇಂದು ಬಾಯಿ ಮುಚ್ಚಿಕೊಂಡು, ಮುಚ್ಚಳವನ್ನು ತಿರುಗಿಸದೆ ಸುಮ್ಮನೆ ಹಿಡಿದುಕೊಂಡೆ. ಅವನು ಮುಚ್ಚಳ ನೋಡಿದ. ಕಾದ. ಆಮೇಲೆ ನನ್ನ ಮುಖ ನೋಡಿ ಮಣಿಕಟ್ಟನ್ನು ಮೆಲ್ಲಗೆ ದೂಡಿದ. ‘ಉಂ.’

ತಿರುಗಿಸಿದೆ. ಮತ್ತೆ ‘ಉಂ.’ ಹೀಗೆ ಹನ್ನೊಂದು ಸಲ. ಒಳಗೆ ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು.