‘ಪುಣೆಗೆ ಅಡ್ಜಸ್ಟ್ ಆಗ್ತಾನಾ?’ ಅಂತ ಕೇಳುವವರಿಗೆ

ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿ ಕಡೆಯಿಂದ ಮಕ್ಕಳನ್ನು ಪುಣೆಯ ಕಾಲೇಜಿಗೆ ಸೇರಿಸಲು ಬಂದವರು ಕೇಳುವುದು ಒಂದೇ ಮಾತು: ‘ನಮ್ಮ ಹುಡುಗ ಸ್ವಲ್ಪ ಅಂಜುಬುರುಕ. ಇಲ್ಲಿ ಅಡ್ಜಸ್ಟ್ ಆಗ್ತಾನಾ?’ ಹುಡುಗ ಪಕ್ಕದಲ್ಲೇ ನಿಂತಿರುತ್ತಾನೆ. ಮೊದಲು ಅದನ್ನು ನಿಲ್ಲಿಸಿ. ಹದಿನೆಂಟರ ಹುಡುಗನನ್ನು ಅವನ ಎದುರಿಗೇ ಅಂಜುಬುರುಕ ಅಂತ ಕರೆದರೆ, ಹಾಸಿಗೆ ಸುರುಳಿಯ ಜತೆ ಆ ಹೆಸರನ್ನೂ ಕಟ್ಟಿಕೊಂಡೇ ಅವನು ರೂಮಿಗೆ ಹೋಗುತ್ತಾನೆ.

ಬಹುತೇಕ ಎಲ್ಲರೂ ಹೊಂದಿಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದು ಪ್ರಶ್ನೆ ಕೇಳುವ ರೀತಿಗೆ. ಭಯ ಇಪ್ಪತ್ನಾಲ್ಕು ಗಂಟೆಯೂ ಇರುವುದಿಲ್ಲ. ಅದಕ್ಕೆ ವಾರದಲ್ಲಿ ಇಂಥ ಹೊತ್ತು, ಇಂಥ ಜಾಗ ಅಂತ ಇರುತ್ತದೆ. ಆ ಹೊತ್ತು ಯಾವುದು, ಜಾಗ ಯಾವುದು ಅಂತ ಒಬ್ಬರೂ ಕೇಳುವುದಿಲ್ಲ.

ಸೋಮವಾರ ತಗೊಳ್ಳಿ. ಊರು ಒಂದು ರಾತ್ರಿಯ ಬಸ್ಸಿನಷ್ಟು ದೂರ ಇರುವುದೇ ತೊಂದರೆ. ಶುಕ್ರವಾರ ರಾತ್ರಿ ಸ್ವಾರ್‌ಗೇಟಿನಲ್ಲಿ ಬಸ್ ಹತ್ತಿ, ‘ಅವ್ವನ ಕೈ ಊಟ ಇನ್ನೊಂದು ಹೊತ್ತು’ ಅಂತ ಸೋಮವಾರ ಮಧ್ಯಾಹ್ನ ವಾಪಸಾಗುವವರು ಬಹಳ. ಲೆಕ್ಕ ಹಾಕಿ: ವಾರಕ್ಕೆ ಐದು ದಿನ ಕ್ಲಾಸಾದರೆ, ಪ್ರತಿ ಸೋಮವಾರ ತಪ್ಪಿದರೆ ಶೇ. 20 ಹಾಜರಿ ಹೋಯಿತು. ಬೇಕಾದದ್ದು ಶೇ. 75. ಉಳಿದ 5ರಲ್ಲಿ ಮಳೆಗಾಲದ ಒಂದು ಜ್ವರ ಬಂದರೂ ಟರ್ಮ್ ಗ್ರ್ಯಾಂಟ್, ಅಂದರೆ ಪರೀಕ್ಷೆಗೆ ಕೂರಲು ಕಾಲೇಜಿನ ಒಪ್ಪಿಗೆ, ಸಿಗುವುದು ಕಷ್ಟ. ಹಾಜರಿಗಿಂತ ಕೆಟ್ಟದ್ದು ಇನ್ನೊಂದಿದೆ. ಕ್ಲಾಸ್ ತಪ್ಪಿಸಿದ ಕೂಡಲೇ ಎದೆ ಹಗುರಾಗುತ್ತದೆ. ತಪ್ಪಿಸಿದರೆ ಹಗುರ ಅನ್ನುವುದನ್ನು ಮೈ ಕಲಿತುಬಿಡುತ್ತದೆ, ಮುಂದಿನ ಸಲ ಅದೇ ಕ್ಲಾಸಿನ ಬಾಗಿಲು ಇನ್ನಷ್ಟು ಎತ್ತರ ಕಾಣುತ್ತದೆ. ಅದಕ್ಕೇ ಮೊದಲ ನಾಲ್ಕು ವಾರ ಊರಿಗೆ ಕರೆಸಬೇಡಿ. ಬೇಕಿದ್ದರೆ ನೀವೇ ಬನ್ನಿ. ಕ್ಯಾಪ್ ರೌಂಡಿನ (ಮಹಾರಾಷ್ಟ್ರದ ಕೇಂದ್ರೀಕೃತ ಸೀಟು ಹಂಚಿಕೆಯ ಸುತ್ತು) ಕೊನೆಗೆ ಸೀಟು ಸಿಕ್ಕವರಿಗಂತೂ ಇದು ಕಟ್ಟುನಿಟ್ಟು. ಅವರು ಬರುವಷ್ಟರಲ್ಲಿ ಕ್ಲಾಸು ಶುರುವಾಗಿರುತ್ತದೆ.

ಗೆಳೆಯರ ವಿಷಯ. ಇಡೀ ಕ್ಲಾಸಿನ ಜತೆ ಬೆರೆಯುವ ಅಗತ್ಯ ಯಾರಿಗೂ ಇಲ್ಲ. ಪ್ರಾಕ್ಟಿಕಲ್ ಬ್ಯಾಚು ರೋಲ್ ನಂಬರ್ ಪ್ರಕಾರ ಆಗುತ್ತದೆ. ಸುಮಾರು ಇಪ್ಪತ್ತು ಜನ, ವಾರಕ್ಕೆ ಎರಡು ಗಂಟೆ, ಅದೇ ಮೇಜು. ಮಾತಾಡಲು ಅಲ್ಲಿ ವಿಷಯ ಹುಡುಕಬೇಕಿಲ್ಲ: ‘ನಿನ್ನ ರೀಡಿಂಗ್ ಎಷ್ಟು ಬಂತು?’ ಸಾಕು. ಅಂಜುವವರಿಗೆ ಕ್ಯಾಂಟೀನಿಗಿಂತ ಲ್ಯಾಬು ಸುಲಭ. ಜರ್ನಲ್‌ಗೆ, ಅಂದರೆ ಪ್ರಯೋಗ ಬರೆದಿಡುವ ಲ್ಯಾಬ್ ಪುಸ್ತಕಕ್ಕೆ, ಅದೇ ವಾರ ಸಹಿ ಹಾಕಿಸಿಕೊಳ್ಳಬೇಕು. ಹತ್ತು ಪ್ರಯೋಗ ರಾಶಿಯಾದರೆ ಸಬ್‌ಮಿಷನ್ ವಾರದಲ್ಲಿ ರಾತ್ರಿಯೆಲ್ಲ ನಕಲು ಇಳಿಸಿ, ನಿದ್ದೆಗೆಟ್ಟ ಕಣ್ಣಲ್ಲಿ ಯಾರಿಗೆ ಹೆದರುತ್ತಾರೋ ಅದೇ ಸರ್ ಮುಂದೆ ಓರಲ್‌ಗೆ (ಮೌಖಿಕ ಪರೀಕ್ಷೆಗೆ) ನಿಲ್ಲಬೇಕಾಗುತ್ತದೆ. ಓರಲ್‌ನಲ್ಲಿ ಅವರು ಮೊದಲು ತಿರುವಿ ನೋಡುವುದೂ ಆ ಜರ್ನಲ್ಲನ್ನೇ. ತಾನೇ ಬರೆದವನ ಬಾಯಿಗೆ ಉತ್ತರ ಬರುತ್ತದೆ.

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಜಿಎಫ್‌ಎಂ ಅಂತ ಇರುತ್ತಾರೆ, ಒಂದಷ್ಟು ವಿದ್ಯಾರ್ಥಿಗಳ ಜವಾಬ್ದಾರಿ ಹೊತ್ತ ಅಧ್ಯಾಪಕರು. ಮೊದಲ ತಿಂಗಳಲ್ಲೇ ಬೊನಾಫೈಡ್ (ಇದೇ ಕಾಲೇಜಿನ ವಿದ್ಯಾರ್ಥಿ ಅನ್ನುವ ಪ್ರಮಾಣಪತ್ರ) ಪಡೆಯುವಂಥ ಚಿಕ್ಕ ಕೆಲಸ ಇಟ್ಟುಕೊಂಡು ಅವರ ಬಳಿ ಹೋಗಬೇಕು. ದೊಡ್ಡ ಕಷ್ಟ ಬಂದ ದಿನ ಆ ಬಾಗಿಲು ಹೊಸದಾಗಿರಬಾರದು. ಒಂದು ವಿಷಯ ಫೇಲಾಗಿ ಉಳಿದರೆ ಎಟಿಕೆಟಿ ಇದೆ, ಅಂದರೆ ಅದನ್ನು ಬಾಕಿ ಇಟ್ಟುಕೊಂಡೇ ಮುಂದಕ್ಕೆ ಹೋಗಬಹುದು. ‘ಬ್ಯಾಕ್’ (ವಿಷಯ ಬಾಕಿ) ಬೇರೆ, ‘ಇಯರ್ ಡೌನ್’ (ವರ್ಷವೇ ಹೋಗುವುದು) ಬೇರೆ. ಇದನ್ನು ಮನೆಯವರೂ ತಿಳಿದುಕೊಳ್ಳಿ.

ಮರಾಠಿಯ ಚಿಂತೆ ಬೇಡ. ಉತ್ತರ ಕರ್ನಾಟಕದವರಿಗೆ ಖೋಲಿ (ರೂಮು) ಗೊತ್ತು, ಸೂಟಿ (ರಜೆ) ಗೊತ್ತು. ಅವರ ‘ಶಿಕ್ಷಾ’ ನಮ್ಮ ಶಿಕ್ಷೆಯೇ, ವಿದ್ಯಾಭ್ಯಾಸ ಅನ್ನುವ ಹಿಂದಿಯದಲ್ಲ. ಪಾಠ ಮರಾಠಿಗೆ ಜಾರಿದರೆ ‘ಸರ್, ಇಂಗ್ಲಿಷ್‌ನಲ್ಲಿ ಒಮ್ಮೆ’ ಅನ್ನಲು ಹಕ್ಕಿದೆ. ಕೈ ಎತ್ತಲು ಆಗದಿದ್ದರೆ ಕ್ಲಾಸ್ ಮುಗಿದ ಮೇಲೆ ಹೋಗಿ ಕೇಳಲಿ.

ಇನ್ನು, ನೀವು ಕೇಳಬೇಕಿದ್ದ ಪ್ರಶ್ನೆ: ‘ಭಾನುವಾರ ಸಂಜೆ ಅವನು ಏನು ಮಾಡ್ತಾನೆ?’

ಪುಣೆಯ ಎಷ್ಟೋ ಮೆಸ್‌ಗಳು ಭಾನುವಾರ ರಾತ್ರಿ ಮುಚ್ಚಿರುತ್ತವೆ. ಮಧ್ಯಾಹ್ನ ಸಿಹಿ ಊಟ, ಸಂಜೆ ಬೀಗ. ಕಾಟ್ ಬೇಸಿಸ್ ರೂಮಿನಲ್ಲಿ (ಒಂದೊಂದು ಮಂಚಕ್ಕೆ ಬಾಡಿಗೆ ಕೊಟ್ಟು ಹಂಚಿಕೊಳ್ಳುವ ರೂಮು) ಉಳಿದ ಕಾಟಿನವರು ಹೊರಗೆ ಹೋಗಿರುತ್ತಾರೆ, ನಾಳೆಯ ಅಸೈನ್‌ಮೆಂಟ್ ಹಾಗೇ ಇರುತ್ತದೆ. ಹೊಸಬ ಹುಡುಗ ಬಿಸ್ಕತ್ತು ತಿಂದು ಮಲಗುತ್ತಾನೆ. ಸೋಮವಾರದ ಹೊಟ್ಟೆನೋವು ಎಷ್ಟೋ ಸಲ ಶುರುವಾಗುವುದು ಇಲ್ಲಿಂದ. ರೂಮು ನೋಡಲು ಬಂದಾಗ ಡಿಪಾಸಿಟ್ ಚೌಕಾಸಿಗಿಂತ ಮೊದಲು ಇದನ್ನು ಗೊತ್ತುಮಾಡಿ: ನಡೆದು ಹೋಗುವಷ್ಟು ಹತ್ತಿರ ಭಾನುವಾರ ತೆರೆದಿರುವ ಉಡುಪಿ ಹೋಟೆಲ್ ಯಾವುದು? ಫರ್ಗ್ಯುಸನ್ ರಸ್ತೆಯಲ್ಲಿ ಜಗನ್ನಾಥ ಶೆಟ್ಟರು ಬೆಳೆಸಿದ ವೈಶಾಲಿ ಇದೆ, ನಿಜ. ಆದರೆ ಆ ಗದ್ದಲದಲ್ಲಿ ಒಬ್ಬನೇ ಟೇಬಲ್ಲಿಗೆ ಕಾಯುವುದು ಅಂಜುವವನಿಗೆ ಶಿಕ್ಷೆ. ಗಲ್ಲಿಯ ಚಿಕ್ಕ ಹೋಟೆಲೇ ಸಾಕು. ಹಗಲಲ್ಲೇ ಒಮ್ಮೆ ಜತೆಯಲ್ಲಿ ಹೋಗಿ ಇಡ್ಲಿ ತಿಂದು ಬನ್ನಿ. ಮೆಸ್ಸಿನವರ ಬಳಿ ‘ಖಾಡಾ’ ನಿಯಮವನ್ನೂ ಕೇಳಿಡಿ. ಎಷ್ಟು ದಿನ ಮುಂಚೆ ಹೇಳಿ ಊಟ ಬಿಟ್ಟರೆ ದುಡ್ಡು ಕಡಿಮೆ ಮಾಡುತ್ತಾರೆ ಅನ್ನುವುದು ಒಂದೊಂದು ಕಡೆ ಒಂದೊಂದು ಥರ.

ಎರಡು ವಾರ ಸತತ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕ್ಲಾಸಿಗೆ ಕಾಲೇ ಏಳುತ್ತಿಲ್ಲ ಅಂದರೆ ಅದು ಹೊಸ ಊರಿನ ಅಂಜಿಕೆ ಅಷ್ಟೇ ಅಂತ ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಆ ನಂಬರ್ ಮಗನ ಫೋನಿನಲ್ಲಿರಲಿ. ನಿಮಗಿಂತ ಮೊದಲು ಅವರ ಬಳಿ ಹೇಳಿಕೊಂಡನೆಂದು ಬೇಸರಪಟ್ಟುಕೊಳ್ಳಬೇಡಿ.

ಭಾನುವಾರ ನಿಮ್ಮ ಫೋನು ರಾತ್ರಿ ಒಂಬತ್ತಕ್ಕೆ ಬೇಡ, ಆರೂವರೆಗೆ ಇರಲಿ. ಅವನು ಚಪ್ಪಲಿ ಮೆಟ್ಟಿ ಊಟಕ್ಕೆ ಹೊರಡುವವರೆಗೂ ಮಾತಾಡುತ್ತಿರಿ.