ಎತ್ತುವ ಮೊದಲು

ಲಕ್ವ ಹೊಡೆದವರನ್ನು ಎಬ್ಬಿಸುವಾಗ ಮನೆಯವರ ಕೈ ಮೊದಲು ಹೋಗುವುದೇ ಸ್ವಾಧೀನವಿಲ್ಲದ ತೋಳಿಗೆ. ದಯವಿಟ್ಟು ಅದನ್ನು ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರಬಹುದು. ನಮ್ಮತ್ತೆಯನ್ನು ನೋಡಿಕೊಳ್ಳುವಾಗ ಫಿಸಿಯೋಥೆರಪಿಸ್ಟ್ ಕಲಿಸಿದ್ದು: ವೀಲ್‌ಚೇರನ್ನು ಶಕ್ತಿಯಿರುವ ಪಕ್ಕಕ್ಕೆ ಮಂಚದ ಹತ್ತಿರ ಓರೆಯಾಗಿ ಇಡಬೇಕು, ಎರಡೂ ಬ್ರೇಕ್ ಹಾಕಬೇಕು, ಕಾಲಿಡುವ ಪಟ್ಟಿ ಮಡಚಬೇಕು. ಮಂಚದ ಅಂಚಲ್ಲಿ ಒಂದೆರಡು ನಿಮಿಷ ಕೂರಿಸಿದರೆ ತಲೆಸುತ್ತು ಇದ್ದರೆ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಅವರ ಸೊಂಟಕ್ಕೆ ಕಟ್ಟಿದ ಬೆಲ್ಟ್ ಹಿಡಿದು, ನಾವು ಬೆನ್ನು ಬಗ್ಗಿಸದೆ ಮೊಣಕಾಲು ಬಗ್ಗಿಸಿ ಏಳಬೇಕು.

"ಅತ್ತೆ, ಒಂದು, ಎರಡು, ಮೂರು" ಅಂದರೆ ಅವರೂ ಸರಿಯಿರುವ ಕಾಲನ್ನು ಗಟ್ಟಿಯಾಗಿ ಊರುತ್ತಾರೆ. ಹೇಳದೆ ಎತ್ತಿದರೆ ಪಾಪ, ಹೆದರಿ ಮೈಯೆಲ್ಲ ಬಿಗಿಹಿಡಿಯುತ್ತಾರೆ. ಭಾರ ಅನ್ನುವುದು ಎಷ್ಟೋ ಸಲ ಆ ಭಯದ್ದೇ ಅನಿಸುತ್ತೆ ನನಗೆ. ಡಿಸ್ಚಾರ್ಜ್ ದಿನ ಮಾತ್ರೆ ಚೀಟಿಯ ಜೊತೆ ಇದನ್ನೂ ಒಮ್ಮೆ ಮಾಡಿ ತೋರಿಸಿ ಅಂತ ಕೇಳಿ.