ಸೋಸುವ ದಿನ

ಜೂನ್ 14, 2025, ಶನಿವಾರ

ಬೆಳಿಗ್ಗೆ ಎದ್ದವಳೇ ಕಪಾಟಿನ ಬಾಗಿಲು ತೆಗೆದೆ. ಒಳಗೆ ಲಿಕ್ಯೂರ್‌ಗೆ, ಅಂದರೆ ಹಣ್ಣಿನ ಸ್ವಾದದ ಸಿಹಿ ಮದ್ಯಕ್ಕೆ, ನೆನೆಹಾಕಿದ ಮೂರು ಗಾಜಿನ ಭರಣಿ, ಮೂರಕ್ಕೂ ಬೇರೆಬೇರೆ ವಯಸ್ಸು. ಸ್ಟ್ರಾಬೆರಿಗೆ ಆರು ದಿನ, ನಿಂಬೆ ಸಿಪ್ಪೆಗೆ ಮೂರು ವಾರ, ಪ್ಲಮ್‌ಗೆ ಆರು ವಾರ. ಮೂರಕ್ಕೂ ಹಾಕಿದ್ದು ಒಂದೇ ವೋಡ್ಕಾ, ಶೇ. 40 ಮದ್ಯಸಾರದ್ದು. ಇವತ್ತು ಮೂರನ್ನೂ ಸೋಸಿಬಿಡಬೇಕು ಅಂತ ನಿನ್ನೆ ರಾತ್ರಿಯೇ ಬಾಟಲಿಗಳನ್ನು ಕುದಿಯುವ ನೀರಲ್ಲಿ ತೊಳೆದು ಬೋರಲು ಹಾಕಿದ್ದೆ.

ಮೊದಲು ಸ್ಟ್ರಾಬೆರಿ. ಹಣ್ಣುಗಳು ಬಣ್ಣವನ್ನೆಲ್ಲ ಬಿಟ್ಟುಕೊಟ್ಟು ಹತ್ತಿಯ ಉಂಡೆಗಳಂತೆ ಬಿಳಿಚಿಕೊಂಡಿದ್ದವು. ವೋಡ್ಕಾ ಮಾತ್ರ ಮಾಣಿಕ್ಯದ ಕೆಂಪು. ಇದನ್ನು ತಡಮಾಡದೆ ತೆಗೆಯಬೇಕೆಂದು ಕಲಿತದ್ದು ಕಳೆದ ವರ್ಷ. ಹೆಚ್ಚು ದಿನ ನೆನೆದಷ್ಟೂ ಹೆಚ್ಚು ರುಚಿ ಅಂದುಕೊಂಡು ತಿಂಗಳುಗಟ್ಟಲೆ ಬಿಟ್ಟಿದ್ದೆ. ಕೆಂಪು ಹೋಗಿ ಕಂದಾಯಿತು, ಪರಿಮಳ ಹೋಗಿ ಅತಿಯಾಗಿ ಕಾಯಿಸಿದ ಜಾಮಿನ ವಾಸನೆ ಬಂತು. ಮೆದು ಹಣ್ಣಿನ ಬಣ್ಣ, ಘಮ ಎರಡೂ ಮೊದಲ ಕೆಲವು ದಿನಗಳಲ್ಲೇ ಇಳಿದುಬಿಡುತ್ತವೆ. ಆಮೇಲೆ ಬರುವುದು ಬೀಜದ ಒಗರು.

ತೆಳು ಬಟ್ಟೆಯಲ್ಲಿ ಸೋಸುವಾಗ ಹಿಂಡಬೇಕೆಂದು ಕೈ ತುಡಿಯುತ್ತದೆ. ಹಿಂಡಿದರೆ ತಿರುಳೆಲ್ಲ ಇಳಿದು ಕದಡುತ್ತದೆ. ಬಟ್ಟೆಯನ್ನು ಗಂಟು ಕಟ್ಟಿ ನೇತುಹಾಕಿ, ತೊಟ್ಟಿಕ್ಕಲು ಬಿಟ್ಟು, ನಿಂಬೆಯ ಕಡೆ ತಿರುಗಿದೆ.

ನಿಂಬೆಯದೇ ಇವತ್ತಿನ ಸಂಭ್ರಮ. ಸಿಪ್ಪೆ ಹೆರೆಯುವಾಗ ಈ ಸಲ ಮೈಯೆಲ್ಲ ಕಣ್ಣಾಗಿದ್ದೆ: ಹಳದಿ ಮಾತ್ರ ಬರಬೇಕು, ಒಳಗಿನ ಬಿಳಿ ಪದರ ಒಂದಿಷ್ಟೂ ಸೇರಬಾರದು. ಕಹಿ ಇರುವುದೇ ಅಲ್ಲಿ. ಆ ಕಹಿ ಒಮ್ಮೆ ಇಳಿದರೆ ಎಷ್ಟು ಸಕ್ಕರೆ ಸುರಿದರೂ ಮುಚ್ಚಿಹೋಗುವುದಿಲ್ಲ. ಮೂರು ವಾರದ ನಂತರ ಒಂದು ಸಿಪ್ಪೆ ತೆಗೆದು ಬಾಗಿಸಿದರೆ ಪಟ್ಟನೆ ಮುರಿಯಿತು, ಬಣ್ಣವೂ ಪೇಲವ. ಅದರೊಳಗಿನ ಎಣ್ಣೆಯೆಲ್ಲ ವೋಡ್ಕಾಕ್ಕೆ ಹೋಗಿದೆ ಎಂದರ್ಥ.

250 ಗ್ರಾಂ ಸಕ್ಕರೆಯನ್ನು 200 ಮಿ.ಲೀ. ನೀರಲ್ಲಿ ಕರಗಿಸಿ, ಪಾಕವನ್ನು ಪೂರ್ತಿ ತಣಿಸಿ, ಸೋಸಿದ 750 ಮಿ.ಲೀ. ವೋಡ್ಕಾಕ್ಕೆ ನಿಧಾನ ಸುರಿದೆ. ಸುರಿಯುತ್ತಿದ್ದಂತೆ ಬಿಸಿಲಿನಷ್ಟು ತಿಳಿಯಾಗಿದ್ದ ದ್ರವದೊಳಗೆ ಮೋಡ ಕಟ್ಟಿತು. ಒಂದು ಎಳೆ, ಇನ್ನೊಂದು ಎಳೆ, ಕೊನೆಗೆ ಪಾತ್ರೆ ತುಂಬ ಮಂಜು. ಮೊದಲ ಸಲ ಇದನ್ನು ಕಂಡಾಗ ಕೆಟ್ಟೇಹೋಯಿತು ಎಂದು ಹೆದರಿದ್ದೆ. ನಿಂಬೆಯ ಎಣ್ಣೆ ಮದ್ಯದಲ್ಲಿ ಕರಗುತ್ತದೆ, ನೀರಲ್ಲಿ ಕರಗುವುದಿಲ್ಲ. ಪಾಕದ ನೀರು ಸೇರಿ ಮದ್ಯದ ಪಾಲು ಇಳಿದ ಕೂಡಲೇ ಎಣ್ಣೆ ಕಣಕಣವಾಗಿ ಬೇರ್ಪಟ್ಟು ಬೆಳಕನ್ನು ಚದುರಿಸುತ್ತದೆ. ಇಟಲಿಯ ನಿಂಬೆ ಲಿಕ್ಯೂರ್ ಲಿಮೊನ್ಚೆಲ್ಲೊ ಮಬ್ಬಾಗಿ ಕಾಣುವುದಕ್ಕೂ ಇದೇ ಕಾರಣ. ಎಣ್ಣೆ ಧಾರಾಳವಾಗಿ ಬಂದಿದೆ ಎಂಬುದಕ್ಕೆ ಈ ಮಂಜೇ ಸಾಕ್ಷಿ.

ಲೆಕ್ಕ ಹಾಕಿದೆ: 750ರಲ್ಲಿ ಮದ್ಯಸಾರ 300 ಮಿ.ಲೀ., ಪಾಕ ಸೇರಿ ಒಟ್ಟು ಸುಮಾರು 1,100. ಅಂದರೆ ಶೇ. 27. ಯುರೋಪಿನ ನಿಯಮದಲ್ಲಿ ಸಾಮಾನ್ಯವಾಗಿ ಲಿಕ್ಯೂರ್ ಅನ್ನಿಸಿಕೊಳ್ಳಲು ಶೇ. 15ರಷ್ಟು ಮದ್ಯಸಾರ, ಲೀಟರಿಗೆ 100 ಗ್ರಾಂ ಸಕ್ಕರೆ ಇದ್ದರೆ ಸಾಕು. ನನ್ನದು ಎರಡರಲ್ಲೂ ಮುಂದಿದೆ.

ಸಂಜೆ ಗೆಳತಿ ಫೋನಿನಲ್ಲಿ ಕೇಳಿದಳು, ‘ಮನೆಯಲ್ಲಿ ಮಾಡಿದ್ದು ವಿಷವಾಗುವುದಿಲ್ಲವೇ?’ ಕೇಳಬೇಕಾದ ಪ್ರಶ್ನೆಯೇ. ನಾನು ಮಾಡುವುದು ನೆನೆಹಾಕುವ ಕೆಲಸ, ಭಟ್ಟಿ ಇಳಿಸುವುದಲ್ಲ. ಭಟ್ಟಿಯ ಅಪಾಯವೇ ಬೇರೆ, ಪರವಾನಗಿ ಇಲ್ಲದೆ ಅದನ್ನು ಮಾಡುವುದು ಬಹಳಷ್ಟು ದೇಶಗಳಲ್ಲಿ ಅಪರಾಧ. ನಾನು ಕಾಯಬೇಕಾದದ್ದು ಎರಡು ವಿಷಯ: ಹಣ್ಣು ಸದಾ ದ್ರವದಲ್ಲಿ ಮುಳುಗಿರಬೇಕು, ಮೇಲೆ ತೇಲಿದರೆ ಬೂಷ್ಟು ಹಿಡಿಯುತ್ತದೆ. ಪ್ಲಮ್, ಚೆರಿ, ಏಪ್ರಿಕಾಟ್‌ಗಳ ಓಟೆ ಒಡೆಯಬಾರದು, ಒಳಗಿನ ಬೀಜದಿಂದ ಸಯನೈಡ್ ಹುಟ್ಟುತ್ತದೆ.

ಪ್ಲಮ್‌ಗೆ ಕಲ್ಲುಸಕ್ಕರೆಯನ್ನು ಮೊದಲೇ ಹಾಕಿದ್ದೆ. ಜಪಾನಿನಲ್ಲಿ ಉಮೆಶು ಎಂಬ ಹಣ್ಣಿನ ಲಿಕ್ಯೂರ್ ಮಾಡುವವರ ದಾರಿ ಅದು. ಕಲ್ಲುಸಕ್ಕರೆ ನಿಧಾನವಾಗಿ ಕರಗುವುದರಿಂದ ಮದ್ಯ ಮೊದಲು ಹಣ್ಣಿನೊಳಗೆ ಇಳಿಯುತ್ತದೆ, ಆಮೇಲೆ ಸಕ್ಕರೆ ರಸವನ್ನು ಹೊರಗೆಳೆಯುತ್ತದೆ. ಅವಸರದ ಸಕ್ಕರೆ ಹಣ್ಣನ್ನು ಸುಕ್ಕಾಗಿಸಿಬಿಡುತ್ತದೆ.

ಒಂದು ಪ್ಲಮ್ ತೆಗೆದು ಚಾಕುವಿನಿಂದ ಕೊಯ್ದೆ. ಸಿಪ್ಪೆಯ ಹತ್ತಿರ ಕಡುಗೆಂಪು, ಓಟೆಯ ಸುತ್ತ ಬೆರಳಿನಷ್ಟು ಅಗಲ ಇನ್ನೂ ಹಳದಿ. ಬಾಯಿಗೆ ಹಾಕಿಕೊಂಡರೆ ನಡುವೆ ಬರಿಯ ಹುಳಿ. ಇದಕ್ಕಾಗಿ ತೊಳೆದಿಟ್ಟ ಬಾಟಲಿಯನ್ನು ಖಾಲಿಯಾಗಿಯೇ ಒಳಗಿಟ್ಟೆ. ಭರಣಿಯನ್ನು ಎರಡು ಸಲ ಮೆಲ್ಲಗೆ ಅಲುಗಿಸಿ, ಹಳೆಯ ಚೀಟಿಯ ಕೆಳಗೆ ‘ಜುಲೈ 12ಕ್ಕೆ ನೋಡು’ ಎಂದು ಬರೆದು, ಬಾಗಿಲು ಹಾಕಿದೆ.